ಮಗಳು ಕೇಳಿದ ಟೆರಿಯಾಕಿ

ನಿಮ್ಮ ಮನೆಯಲ್ಲೂ ಮಕ್ಕಳು ಹೆಸರೇ ಕೇಳದ ತಿಂಡಿಯೊಂದನ್ನು ಕೇಳಿರಬಹುದು. ಆಗ ನೀವೇನು ಉತ್ತರಿಸಿದ್ದೀರಿ, ಸಹೋದರಿ? ನಾನಂತೂ ತಪ್ಪಿದೆ.

ಪಿಯುಸಿ ಓದುವ ಮಗಳು ಒಂದು ಸಂಜೆ, "ಉಮ್ಮಾ, ನಾವು ಟೆರಿಯಾಕಿ ಚಿಕನ್ ತಿನ್ನಬಹುದಾ? ಗೆಳತಿಯರು ತಿಂದರು, ನಾನು ಸುಮ್ಮನೆ ಕುಳಿತಿದ್ದೆ" ಎಂದಳು. ಪತ್ತಿರಿ ತಟ್ಟುತ್ತಿದ್ದ ನಾನು ತಲೆ ಎತ್ತದೆ, "ಅದೆಲ್ಲ ಹರಾಮ್, ನಮಗೆ ಬೇಡ" ಎಂದುಬಿಟ್ಟೆ. "ಅದರಲ್ಲಿ ಏನಿರುತ್ತದೆ?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮದ್ರಸದಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳಿಗೆ, ತಿಳಿಯದೆ ಹಲಾಲ್ ಹರಾಮ್ ಹೇಳಬಾರದು ಎಂದು ಕಲಿಸುವವಳು ನಾನು!

ಆ ರಾತ್ರಿ ಕುಳಿತು ಓದಿದೆ. ಜಪಾನೀ ಭಾಷೆಯಲ್ಲಿ 'ತೆರಿ' ಎಂದರೆ ಹೊಳಪು, 'ಯಾಕಿ' ಎಂದರೆ ಸುಟ್ಟದ್ದು. ಮೀನಿಗೋ ಮಾಂಸಕ್ಕೋ ಸೋಯಾ ಸಾಸ್ ಮತ್ತು ಸಿಹಿಯ ಪಾಕ ಸವರಿ, ಹೊಳೆಯುವಂತೆ ಸುಡುವ ವಿಧಾನವದು. ಆದರೆ ಅಲ್ಲಿನ ಪಾಕಕ್ಕೆ ಸಾಕೆ ಎಂಬ ಅಕ್ಕಿಯ ಮದ್ಯವನ್ನೂ ಮಿರಿನ್ ಎಂಬ ಸಿಹಿ ಮದ್ಯವನ್ನೂ ಹಾಕುತ್ತಾರೆ. ಮಿರಿನ್‌ನಲ್ಲಿ ಸುಮಾರು ಶೇ. 14ರಷ್ಟು ಆಲ್ಕೋಹಾಲ್ ಇರುತ್ತದೆ. ಕುದಿಸಿದರೆ ಎಲ್ಲ ಆವಿಯಾಗುತ್ತದೆ ಎನ್ನುವವರಿದ್ದಾರೆ. ಅದು ನಿಜವಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ.

ಹಾಗಾದರೆ ನನ್ನ ಮಾತು ಸರಿಯೇ ಆಗಿತ್ತು. ಆದರೆ ತಿಳಿದು ಹೇಳಿದ್ದಾಗಿರಲಿಲ್ಲ. ಬೆಳಿಗ್ಗೆ ಮಗಳ ಬಳಿ ಅದನ್ನೇ ಒಪ್ಪಿಕೊಂಡೆ. "ಮದ್ಯವಿಲ್ಲದೆ ನಾವೇ ಮಾಡೋಣ" ಎಂದಾಗ ಅವಳ ಮುಖ ಅರಳಿತು.

ನೀವೂ ಮಾಡಿ ನೋಡಿ. ಆರು ದೊಡ್ಡ ಚಮಚ ಸೋಯಾ ಸಾಸ್, ಅಷ್ಟೇ ನೀರು, ಮೂರು ಚಮಚ ಸಕ್ಕರೆ, ಒಂದು ಚಮಚ ಜೇನು, ಒಂದು ಚಿಕ್ಕ ಚಮಚ ವಿನೆಗರ್, ತುರಿದ ಶುಂಠಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ. ಮಿರಿನ್‌ಗೆ ಬದಲಾಗಿ ಜೇನು ಮತ್ತು ವಿನೆಗರ್. ಎಲ್ಲವನ್ನೂ ಮೂರು ನಿಮಿಷ ಕುದಿಸಿ, ಆರಿಸಿ, ಎರಡು ಪಾಲು ಮಾಡಿ. ಉಪ್ಪು ಹಾಕಬೇಡಿ, ಸೋಯಾ ಸಾಸಿನಲ್ಲೇ ಬೇಕಾದಷ್ಟಿದೆ. ಸೋಯಾ ಸಾಸ್ ಕೊಳ್ಳುವಾಗ ಲೇಬಲ್ ಓದಿ, ಹಲಾಲ್ ಗುರುತಿರುವುದನ್ನೇ ಆರಿಸಿ.

ಒಂದು ಪಾಲಿನಲ್ಲಿ ಅರ್ಧ ಕಿಲೋ ಮೂಳೆಯಿಲ್ಲದ ಕೋಳಿಯನ್ನು ಒಂದು ಗಂಟೆ ಫ್ರಿಜ್‌ನಲ್ಲಿ ನೆನೆಯಲು ಬಿಡಿ. ಬಳಿಕ ತುಂಡುಗಳನ್ನು ತೆಗೆದು, ಸ್ವಲ್ಪ ಎಣ್ಣೆಯಲ್ಲಿ ಹದ ಉರಿಯಲ್ಲಿ ಎರಡೂ ಬದಿ ಪೂರ್ತಿ ಬೇಯಿಸಿ. ಹಸಿಮಾಂಸ ನೆನೆಸಿದ ರಸವನ್ನು ಚೆಲ್ಲಿಬಿಡಿ. ಕೊನೆಗೆ ತೆಗೆದಿಟ್ಟ ಪಾಲನ್ನು ಸುರಿದು, ಪಾಕ ಗಟ್ಟಿಯಾಗಿ ತುಂಡುಗಳಿಗೆ ಅಂಟಿ ಹೊಳೆಯುವವರೆಗೆ ತಿರುಗಿಸುತ್ತಿರಿ.

ಮೊದಲ ಸಲ ನಾನು ಉರಿ ಜೋರು ಮಾಡಿದ್ದರಿಂದ ಸಕ್ಕರೆ ಸೀದು ಕಹಿಯಾಯಿತು. "ಹೊಳಪಿಗಿಂತ ಕಪ್ಪೇ ಜಾಸ್ತಿ ಉಮ್ಮಾ" ಎಂದು ಮಗಳು ನಕ್ಕಳು. ಎರಡನೆಯ ಸಲ ಬಿಸಿ ಅನ್ನದೊಂದಿಗೆ ಬಡಿಸಿದಾಗ ಪಾತ್ರೆ ಖಾಲಿಯಾಯಿತು. ಮುಂದಿನ ಶುಕ್ರವಾರ ಗೆಳತಿಯರನ್ನು ಮನೆಗೇ ಕರೆದಳು.

ಸಹೋದರಿ, ಬೇಡ ಎನ್ನುವುದು ಸುಲಭ. ಯಾಕೆ ಬೇಡ ಎಂದು ತಿಳಿದು ಹೇಳಿದರೆ ಮಕ್ಕಳು ಕೇಳುತ್ತಾರೆ. ಅದರ ಜೊತೆಗೆ ಹಲಾಲ್ ಆದ ಒಂದು ತಟ್ಟೆಯನ್ನೂ ಮುಂದಿಟ್ಟರೆ, ನಾಳೆಯೂ ಏನನ್ನಾದರೂ ಕೇಳಲು ನಮ್ಮ ಬಳಿಗೇ ಬರುತ್ತಾರೆ.