ಜೊತೆಗಾರನಿಲ್ಲದ ದಾರಿ

ನಾವು ಪ್ರಯಾಣಕ್ಕೆ ಹೊರಟಾಗಲೆಲ್ಲ ತಂದೆಯವರು ಮೊದಲು ಕೇಳುತ್ತಿದ್ದುದು, ‘ಜೊತೆಗೆ ಯಾರಿದ್ದಾರೆ?’ ಎಂದು. ಯಾರೂ ಇಲ್ಲವೆಂದರೆ ಅವರ ಮುಖ ಬಾಡುತ್ತಿತ್ತು. ಯೌವನದ ಹುಮ್ಮಸ್ಸಿನಲ್ಲಿ ನಾವು ಅದನ್ನು ಹಳೆಯ ಕಾಲದ ಅಂಜಿಕೆಯೆಂದೇ ಭಾವಿಸಿದ್ದೆವು.

ಆದರೆ ಆ ಪ್ರಶ್ನೆಯ ಬೇರು ಪ್ರವಾದಿವರ್ಯರ(ಸ) ಬೋಧನೆಯಲ್ಲಿದೆ. ಏಕಾಂಗಿತನದಲ್ಲಿರುವ ಅಪಾಯವನ್ನು ಜನರು ಅರಿತಿದ್ದರೆ ಯಾವ ಸವಾರನೂ ರಾತ್ರಿ ಒಬ್ಬನೇ ಸಂಚರಿಸುತ್ತಿರಲಿಲ್ಲ ಎಂಬ ಆಶಯದ ಹದೀಸನ್ನು ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಹಿಜ್ರಾದ ದಾರಿಯಲ್ಲಿ ಪ್ರವಾದಿವರ್ಯರ(ಸ) ಜೊತೆಗೆ ಅಬೂಬಕರ್(ರ) ಇದ್ದರು. ದಾರಿ ಬಲ್ಲ ಮಾರ್ಗದರ್ಶಿಯೊಬ್ಬನನ್ನೂ ಗೊತ್ತುಪಡಿಸಲಾಗಿತ್ತು. ಜನಸಂಚಾರವಿರುವ ಸುರಕ್ಷಿತ ಮಾರ್ಗಗಳಲ್ಲಿ ಈ ಆತಂಕ ಕಡಿಮೆಯೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಆದರೂ ಕಾಯಿಲೆ ಬಿದ್ದಾಗ ನೀರು ಕೊಡಲು, ತಪ್ಪು ಹೆಜ್ಜೆಯಿಟ್ಟಾಗ ತಿದ್ದಲು, ಜಮಾಅತ್ ಆಗಿ ನಮಾಝ್ ನಿರ್ವಹಿಸಲು ಇನ್ನೊಬ್ಬರು ಬೇಕೇ ಬೇಕು.

1325ರಲ್ಲಿ 21ರ ತರುಣ ಇಬ್ನು ಬತೂತ ಹಜ್ಜ್ ಯಾತ್ರೆಗಾಗಿ ತಾಂಜೀರ್ ನಗರದಿಂದ ಒಬ್ಬನೇ ಹೊರಟನು. ದಾರಿಯಲ್ಲಿ ಜ್ವರ ಬಂದಾಗ ಬೀಳದಂತೆ ಮುಂಡಾಸಿನ ಬಟ್ಟೆಯಿಂದ ತನ್ನನ್ನು ಜೀನಿಗೆ ಕಟ್ಟಿಕೊಂಡನು. ಟ್ಯೂನಿಸ್‌ನಲ್ಲಿ ಜನರೆಲ್ಲ ಪರಸ್ಪರ ಸಲಾಮ್ ಹೇಳುತ್ತಿದ್ದಾಗ ತನ್ನನ್ನು ವಿಚಾರಿಸುವವರಿಲ್ಲದೆ ಅತ್ತುಬಿಟ್ಟನು. ಅದನ್ನು ಗಮನಿಸಿದ ಯಾತ್ರಿಕನೊಬ್ಬ ಬಳಿ ಬಂದು ಸಲಾಮ್ ಹೇಳಿ ಸಂತೈಸಿದನು. ಮುಂದೆ ನಮ್ಮ ಹೊನ್ನಾವರಕ್ಕೂ ಬಂದ ಆತ, ಅಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುದನ್ನು ದಾಖಲಿಸಿದನು. ಅಂದು ಆತ ಮನೆಗೆ ಮರಳಿದ್ದರೆ ಈ ಸಂಗತಿಯನ್ನು ನಮಗೆ ಹೇಳುವವರು ಯಾರಿದ್ದರು?

ಕೆಲವು ವರ್ಷಗಳ ಹಿಂದೆ ತಂದೆಯವರ ಅನಾರೋಗ್ಯದ ಸುದ್ದಿ ಬಂದಾಗ ನಾವು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಒಬ್ಬರೇ ಊರಿಗೆ ಹೊರಟೆವು. ಮನೆ ಮಾರುವ ವಿಷಯದಲ್ಲಿ ಮನಸ್ತಾಪವಾಗಿ ಎರಡು ವರ್ಷಗಳಿಂದ ಅವರೊಡನೆ ಸರಿಯಾಗಿ ಮಾತನಾಡಿರಲಿಲ್ಲ. ಜೊತೆಗೆ ಯಾರಾದರೂ ಇದ್ದಿದ್ದರೆ ಹರಟೆಯಲ್ಲಿ ಇರುಳು ಕಳೆಯುತ್ತಿತ್ತು. ಒಂಟಿಯಾಗಿದ್ದುದರಿಂದ ನಮ್ಮ ತಪ್ಪಿನಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಪ್ರಯಾಣಿಕನ ಪ್ರಾರ್ಥನೆ ಸ್ವೀಕೃತವಾಗುತ್ತದೆಂಬ ಪ್ರವಾದಿ ವಚನ ನೆನಪಾಗಿ, ಕ್ಷಮೆ ಕೇಳುವಷ್ಟು ಸಮಯ ಕರುಣಿಸೆಂದು ಅಲ್ಲಾಹನಲ್ಲಿ ಬೇಡಿದೆವು.

ಸಕಲೇಶಪುರದ ಬಳಿ ಬಸ್ಸು ನಿಂತಾಗ ಅಪರಿಚಿತ ಹಿರಿಯರೊಬ್ಬರು ನಮ್ಮ ಕಣ್ಣು ನೋಡಿ, ‘ಒಬ್ಬನೇ ಏನಪ್ಪಾ?’ ಎಂದರು. ಚಹಾ ಕೊಡಿಸಿ, ವಿಷಯ ಕೇಳಿ, ಊರು ಬರುವವರೆಗೂ ಪಕ್ಕದಲ್ಲೇ ಕುಳಿತರು.

ತಂದೆಯವರಿಗೆ ಪ್ರಜ್ಞೆಯಿತ್ತು. ನಾವು ಕ್ಷಮೆ ಕೇಳುವ ಮೊದಲೇ ಕ್ಷೀಣ ಸ್ವರದಲ್ಲಿ, ‘ಜೊತೆಗೆ ಯಾರಿದ್ದರು?’ ಎಂದರು. ಆ ಹಿರಿಯರ ವಿಷಯ ಹೇಳಿದಾಗ ‘ಅಲ್‌ಹಮ್ದುಲಿಲ್ಲಾಹ್’ ಎಂದು ನಮ್ಮ ಕೈ ಹಿಡಿದುಕೊಂಡರು. ಮೂರನೆಯ ದಿನ ಅವರು ಅಲ್ಲಾಹನೆಡೆಗೆ ಮರಳಿದರು.

ಇಂದು ಅದೇ ಪ್ರಶ್ನೆಯನ್ನು ನಾವು ನಮ್ಮ ಮಕ್ಕಳಿಗೆ ಕೇಳುತ್ತೇವೆ. ಸಾಧ್ಯವಿದ್ದರೆ ಉತ್ತಮ ಸಂಗಾತಿಯೊಡನೆ ಹೊರಡಿ. ಒಬ್ಬರೇ ಹೋಗಬೇಕಾಗಿ ಬಂದರೆ ಮನೆಯವರಿಗೆ ತಿಳಿಸಿ, ದುಆ ಮಾಡಿ ಹೊರಡಿ. ಆ ಮೌನದಲ್ಲಿ ನಿಮ್ಮನ್ನು ನೀವು ವಿಚಾರಿಸಿಕೊಳ್ಳಿ. ದಾರಿಯಲ್ಲಿ ಒಂಟಿ ಪ್ರಯಾಣಿಕ ಕಂಡರೆ ಒಂದು ಸಲಾಮ್ ಹೇಳಲು ಮರೆಯದಿರಿ. ಅಲ್ಲಾಹನು ನಮ್ಮೆಲ್ಲರ ಪ್ರಯಾಣಗಳನ್ನು ಕ್ಷೇಮಕರಗೊಳಿಸಲಿ. ಆಮೀನ್.