ಗೋಡೆಯ ಹಿಂದಿನ ನೀರು

ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಬರುವ ಯಾತ್ರಿಕನೂ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ-ಅಮರ್ಜಾ ಸಂಗಮದಲ್ಲಿ ಮೀಯುವ ದತ್ತಭಕ್ತನೂ ಈ ಸೀಮೆಯ ನದಿಗಳನ್ನು ಬಲ್ಲರು. ಆದರೆ ಇಲ್ಲಿನ ನೀರಿನ ನಿಜವಾದ ಪರಿಚಯವಾಗುವುದು ಕೊಳವೆ ಬಾವಿಯ ಬಳಿಯಲ್ಲಿ. ಎಷ್ಟೋ ಕಡೆ ಮೊದಲ ಗುಟುಕಿಗೇ ನಾಲಗೆ ಸವಳನ್ನು ಗುರುತಿಸುತ್ತದೆ. ಒಲೆಯ ಮೇಲಿಟ್ಟರೆ ಬೇಳೆ ಬೇಗ ಬೇಯದು. ತೊಗರಿಯ ಕಣಜವೆನಿಸಿದ ನಾಡಿಗೆ ಇದೊಂದು ವಿಚಿತ್ರ ಶಿಕ್ಷೆಯೇ ಸರಿ!

ಕಾರಣ ನೆಲದಲ್ಲಿಯೇ ಇದೆ. ಆಳಂದ, ಅಫಜಲಪುರಗಳ ಎರೆ ಮಣ್ಣಿನ ಕೆಳಗೆ ದಖ್ಖನ್ನಿನ ಕಪ್ಪು ಲಾವಾಶಿಲೆ. ಜೇವರ್ಗಿಯ ಕಡೆ ಅದರೊಡನೆ ಸುಣ್ಣಕಲ್ಲು. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಮಳೆನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾಗಳನ್ನು ಕರಗಿಸಿಕೊಳ್ಳುತ್ತದೆ. ಕೆಲವೆಡೆ ಫ್ಲೋರೈಡೂ ಸೇರುತ್ತದೆ. ತಿಪ್ಪೆಯಿಂದಲೂ ಗೊಬ್ಬರದಿಂದಲೂ ನೈಟ್ರೇಟು ಇಳಿಯುತ್ತದೆ.

ಆದುದರಿಂದಲೇ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿದವು. ನಾಣ್ಯ ಹಾಕಿದೊಡನೆ ಕೊಡ ತುಂಬುತ್ತದೆ; ಜನರ ಬಾಯಲ್ಲಿ ಅದು ‘ಫಿಲ್ಟರ್ ನೀರು’. ಒಳಗೆ ನಡೆಯುವುದಿಷ್ಟು: ಪಂಪು ನೀರನ್ನು ತೆಳುವಾದ ಪೊರೆಗೆ ಒತ್ತುತ್ತದೆ; ನೀರು ದಾಟುತ್ತದೆ, ಲವಣದ ಬಹುಭಾಗ ಈಚೆಯೇ ಉಳಿಯುತ್ತದೆ. ಪೊರೆ ಯಾವುದನ್ನೂ ನಾಶಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಲೀಟರಿಗೆ ೧,೫೦೦ ಮಿಲಿಗ್ರಾಂ ಲವಣವುಳ್ಳ ನೀರಿನಲ್ಲಿ ಅರ್ಧಭಾಗ ಶುದ್ಧವಾಗಿ ಹೊರಬಂದರೆ, ಉಳಿದರ್ಧದಲ್ಲಿ ಲೀಟರಿಗೆ ಸುಮಾರು ೩,೦೦೦ ಮಿಲಿಗ್ರಾಂ ನಿಲ್ಲುತ್ತದೆ. ಬೇರೆ ನೀರೇ ಇಲ್ಲದಾಗ ೨೦೧೨ರ ಭಾರತೀಯ ಮಾನಕವು ಕುಡಿಯಲು ಒಪ್ಪುವ ಮಿತಿ ೨,೦೦೦. ಮಿತಿಯಂಚಿನಲ್ಲಿದ್ದ ೧.೫ ಮಿಲಿಗ್ರಾಂ ಫ್ಲೋರೈಡು ೩ರ ಸಮೀಪಕ್ಕೆ ಏರುತ್ತದೆ. ಪೊರೆಯ ಮೇಲೆ ಸುಣ್ಣ ಕಟ್ಟದಿರಲೆಂದು ಬೆರೆಸಿದ ರಾಸಾಯನಿಕವೂ ಅದರಲ್ಲಿಯೇ ಹೋಗುತ್ತದೆ.

ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಪಾಯವಿರುವುದೂ ಅದರಲ್ಲಿಯೇ. ಗೋಡೆಯ ಹಿಂದಿನ ಕೊಳವೆಯಿಂದ ಸುರಿಯುವ ತಿಳಿನೀರು ಹಾಳಾಗುವುದೇಕೆಂದು ದನಗಳಿಗೆ ಬಿಡುವುದು, ಹಿತ್ತಲಿಗೆ ಹರಿಸುವುದು ಸಹಜ. ಆದರೆ ಎರೆ ಭೂಮಿ ನೀರನ್ನು ಸುಲಭವಾಗಿ ಕೆಳಗಿಳಿಸದು. ಬಿಸಿಲು ನೀರನ್ನು ಕೊಂಡೊಯ್ದು ಉಪ್ಪನ್ನು ಬಿಡುತ್ತದೆ. ಸೋಡಿಯಂ ಹೆಚ್ಚಿದಂತೆ ಜೇಡಿ ಬಿಗಿದು ಬೇರಿಗೆ ಗಾಳಿಯೂ ಸಿಗದು. ಬಾವಿಯ ಪಕ್ಕದಲ್ಲಿಯೇ ಇಂಗುಗುಂಡಿ ತೋಡಿದರಂತೂ ಅದೇ ಉಪ್ಪು ಅದೇ ಪಂಪಿಗೆ ಮರಳೀತು!

ನೆಲ ತೊಳೆಯಲು, ಶೌಚಾಲಯಕ್ಕೆ ಇದನ್ನು ಬಳಸಬಹುದು. ಉಳಿದದ್ದನ್ನು, ತಳ ಸೋರದ ಆಳವಿಲ್ಲದ ತೊಟ್ಟಿಯಲ್ಲಿ ಒಣಗಿಸಬಹುದು. ಇಲ್ಲಿನ ಬಿಸಿಲಿಗೇನೂ ಬರವಿಲ್ಲ. ಕೆರೆದು ತೆಗೆದ ಉಪ್ಪನ್ನು ಎಲ್ಲಿಗೆ ಸಾಗಿಸಬೇಕೆಂಬುದನ್ನು ಮಾತ್ರ ಪಂಚಾಯಿತಿಯವರು ಮುಂಗಾರಿಗೆ ಮುಂಚೆಯೇ ನಿಶ್ಚಯಿಸಿರಬೇಕು; ಒಂದು ದೊಡ್ಡ ಮಳೆ ಬಿದ್ದರೆ ಅದು ಕರಗಿ ಹಳ್ಳ ಸೇರುತ್ತದೆ.