ಪ್ಲಗ್ಗಿನ ಬಣ್ಣ

ಟೂ-ಸ್ಟ್ರೋಕ್ ಎಂಜಿನ್ನಿನ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ತಿಳಿಯಬೇಕಾದರೆ ಅದರ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ತುದಿಯ ಪಿಂಗಾಣಿ ಚಹಾದ ಬಣ್ಣಕ್ಕಿದ್ದರೆ ಎಲ್ಲ ಕ್ಷೇಮ. ಕರ್ರಗೆ ಜಿಡ್ಡುಜಿಡ್ಡಾಗಿದ್ದರೆ ಪೆಟ್ರೋಲು ಹೆಚ್ಚು ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿದೆ, ಪೆಟ್ರೋಲು ಕಡಿಮೆಯಾಗಿದೆ. ಅಂಥ ಎಂಜಿನ್ ಮೇಲೆ ಚುರುಕಾಗಿ ಓಡುತ್ತಲೇ ಒಳಗೆ ಬೇಯುತ್ತಿರುತ್ತದೆ. ನಮ್ಮ ಕಾಕಾ ಈ ಓದನ್ನು ಕಲಿತದ್ದು ಹುಬ್ಬಳ್ಳಿಯ ತನ್ನ ಗ್ಯಾರೇಜಿನಲ್ಲಿ, ಯೆಜ್ಡಿ, ರಾಜದೂತ, ಲೂನಾ, ಚೇತಕ್‌ಗಳ ಮೇಲೆ. ನಾನು ಕಲಿತದ್ದು ವಿಮಾನದ ಮೇಲೆ.

ವಿಮಾನ ಅಂದರೆ ಗೋಕುಲ ರಸ್ತೆಯ ನಿಲ್ದಾಣಕ್ಕೆ ಬಂದಿಳಿಯುವ ಇಂಡಿಗೋ ಅಲ್ಲ. ನಾನು ಹೇಳುತ್ತಿರುವುದು ಎಕ್ಸ್-ಏರ್ ಎಂಬ ಪುಟ್ಟ ಯಂತ್ರದ ಬಗ್ಗೆ. ಅದನ್ನು ತಯಾರಿಸಿದ್ದು ಜೋಯೆಲ್ ಕೋಕ್ಲಿನ್ ಎಂಬ ಫ್ರೆಂಚರು ಕಟ್ಟಿದ ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿ. ಅಲ್ಯುಮಿನಿಯಂ ಕೊಳವೆಗಳ ಹಂದರ, ಅದರ ಮೇಲೆ ದಿಂಬಿಗೆ ಗಲೀಫು ಏರಿಸಿದ ಹಾಗೆ ಹೊಲಿದು ಏರಿಸಿದ ಡೇಕ್ರಾನ್ ಬಟ್ಟೆ. ಅಕ್ಕಪಕ್ಕ ಎರಡು ಸೀಟು. ಬಿಡಿಭಾಗಗಳ ಪೆಟ್ಟಿಗೆಯಾಗಿ ಇದು ಹೊರದೇಶಗಳಿಗೂ ಹೋಯಿತು. ಇಂಗ್ಲೆಂಡಿನಲ್ಲಿ ಎಷ್ಟೋ ಜನ ತಮ್ಮ ಮನೆಯ ಶೆಡ್ಡಿನಲ್ಲಿ ಕೈಪಿಡಿ ತೆರೆದಿಟ್ಟುಕೊಂಡು ಬೋಲ್ಟು ಬಿಗಿದು ಇದನ್ನು ಕಟ್ಟಿ ಹಾರಿಸಿದ್ದಾರೆ. ಮುಂದೆ ಬಂದ ಒಂದು ಮಾದರಿಗೆ ಹನುಮಾನ್ ಎಂದೇ ಹೆಸರು.

ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ನಾವು ನಾಲ್ವರು ಪಾಲು ಹಾಕಿ ಹಳೆಯ ಎಕ್ಸ್-ಏರ್ ಒಂದನ್ನು ಕೊಂಡೆವು. ಅದು ಜಕ್ಕೂರಿನಲ್ಲಿತ್ತು. ಇಬ್ಬರಿಗೆ ಹಾರಿಸುವ ಪರವಾನಗಿ ಇತ್ತು, ನಾನಿನ್ನೂ ಕಲಿಯುತ್ತಿದ್ದೆ. ದಾಖಲೆಗೆ ಸಹಿ ಹಾಕುವ ಅಧಿಕಾರ ಪರವಾನಗಿಯುಳ್ಳ ಎಂಜಿನಿಯರರೊಬ್ಬರದು. ಅವರ ಕಣ್ಣೆದುರಿಗೆ ಕೈ ಮಸಿ ಮಾಡಿಕೊಳ್ಳುವ ಕೆಲಸ ನಮ್ಮದು. ಒಂದು ತಾಸಿನ ಹಾರಾಟಕ್ಕೆ ನಾಲ್ಕೈದು ತಾಸು ನೆಲದ ಮೇಲಿನ ದುಡಿಮೆ. ನೋಡುವವರಿಗೆ ಇದು ಲುಕ್ಸಾನಿನ ಬಾಬತ್ತು. ನನಗಂತೂ ಆ ನಾಲ್ಕೈದು ತಾಸೇ ಹೆಚ್ಚು ಹಿಡಿಸುತ್ತಿತ್ತು.

ಏಕೆಂದರೆ ಇಂಥ ವಿಮಾನ ಕಟ್ಟಿ ಮುಗಿಯಿತು ಅನ್ನುವ ದಿನವೇ ಬರುವುದಿಲ್ಲ. ಮೂರು ಗಾಲಿಗಳ ಕೆಳಗೆ ಮೂರು ತೂಕದ ಯಂತ್ರ ಇಟ್ಟು ಗುರುತ್ವ ಕೇಂದ್ರ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಬೇಕು. ಬ್ಯಾಟರಿಯನ್ನು ಒಂದಿಷ್ಟು ಹಿಂದೆ ಸರಿಸಿದರೂ ಆ ಬಿಂದು ಸರಿಯುತ್ತದೆ. ಹಾರುವಾಗ ಒಟ್ಟು ತೂಕ 450 ಕಿಲೋ ಮೀರುವಂತಿಲ್ಲ. ಪ್ರೊಪೆಲ್ಲರಿನ ಅಲಗುಗಳ ಕೋನವನ್ನು ಒಂದೇ ಒಂದು ಡಿಗ್ರಿ ತಿರುಗಿಸಿದರೆ ಎಂಜಿನ್ನಿನ ವೇಗ ನಿಮಿಷಕ್ಕೆ ಇನ್ನೂರು ಮುನ್ನೂರು ಸುತ್ತು ಬದಲಾಗುತ್ತದೆ. ಕೋನ ಹೆಚ್ಚಾದರೆ ಏರುವಾಗ ಎಂಜಿನ್ ಏದುಸಿರು ಬಿಡುತ್ತದೆ, ಕಡಿಮೆಯಾದರೆ ಸುಮ್ಮನೆ ಚೀರುತ್ತದೆ, ಕೆಲಸ ಆಗುವುದಿಲ್ಲ. ಬಟ್ಟೆಯನ್ನು ಬಿಸಿಲು ತಿನ್ನುತ್ತದೆ. ಅದಕ್ಕೆ ಸಣ್ಣ ಸೂಜಿ ಚುಚ್ಚಿ, ಸ್ಪ್ರಿಂಗ್ ತಕ್ಕಡಿಯಂಥ ಸಾಧನದಿಂದ ಇಷ್ಟು ಭಾರಕ್ಕೆ ಎಂದು ಎಳೆದು ನೋಡುತ್ತಾರೆ. ಹರಿಯದಿದ್ದರೆ ಆ ವರ್ಷಕ್ಕೆ ಪಾಸು.

ಇದರ ಮೇಲೆ ಬೆಂಗಳೂರಿನ ಎತ್ತರ ಬೇರೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಗಾಳಿ ತೆಳು, ಏಪ್ರಿಲ್ ಮಧ್ಯಾಹ್ನ ಇನ್ನಷ್ಟು ತೆಳು. ನಮ್ಮ ವಿಮಾನದ್ದು ರೋಟ್ಯಾಕ್ಸ್ 582 ಎಂಜಿನ್: ಎರಡು ಸಿಲಿಂಡರ್, ಎರಡು ಕಾರ್ಬುರೇಟರ್, ಸಮುದ್ರಮಟ್ಟದಲ್ಲಿ ಸುಮಾರು 65 ಅಶ್ವಶಕ್ತಿ. ಜಕ್ಕೂರಿನಲ್ಲಿ ಅದರಲ್ಲಿ ಐದಾರು ಕುದುರೆಗಳು ಲಾಯದಲ್ಲೇ ಉಳಿಯುತ್ತವೆ. ಗಾಳಿ ಕಡಿಮೆಯಾದಷ್ಟು ಪೆಟ್ರೋಲನ್ನೂ ತಗ್ಗಿಸಬೇಕು. ಆದರೆ ಕೂದಲೆಳೆ ಹೆಚ್ಚು ತಗ್ಗಿಸಿದರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಈ ಎಂಜಿನ್ ಯಾವ ಕ್ಷಣದಲ್ಲಾದರೂ ನಿಂತುಹೋಗಬಹುದು ಎಂದು ರೋಟ್ಯಾಕ್ಸ್‌ನವರು ತಮ್ಮ ಕೈಪಿಡಿಯಲ್ಲೇ ಬರೆದಿದ್ದಾರೆ. ಇಷ್ಟು ಪ್ರಾಮಾಣಿಕ ವಾಕ್ಯವನ್ನು ನಾನು ಬೇರೆ ಯಾವ ಕಂಪನಿಯ ಪುಸ್ತಕದಲ್ಲೂ ಓದಿಲ್ಲ.

ವಿಮಾನದ ಮಾತು ತೆಗೆದರೆ ವೈಮಾನಿಕ ಶಾಸ್ತ್ರ ಎಂಬ ಪುಸ್ತಕವನ್ನು ಎದುರಿಗೆ ಹಿಡಿಯುವವರು ನಮ್ಮಲ್ಲಿದ್ದಾರೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದರೊಳಗಿನ ವಿಮಾನಗಳನ್ನು ಲೆಕ್ಕಕ್ಕೆ ಹಚ್ಚಿ, ಇವು ಹಾರಲಾರವು ಎಂದು ತೋರಿಸಿದರು. ನನಗೆ ಹೆಮ್ಮೆ ಇರುವುದು ಮೈಸೂರಿನ ಎಸ್.ವಿ. ಸೆಟ್ಟಿಯವರ ಬಗ್ಗೆ. 1911-12ರ ಹೊತ್ತಿಗೆ ಇಂಗ್ಲೆಂಡಿಗೆ ಹೋಗಿ ಎ.ವಿ. ರೋ ಅವರ ವಿಮಾನ ಕಾರ್ಖಾನೆಯಲ್ಲಿ ದುಡಿದವರು ಅವರು. ಆಗ ವಿಮಾನ ಅಂದರೆ ಕಟ್ಟಿಗೆ, ಬಟ್ಟೆ, ತಂತಿ. ಹಾರಿಸುವುದು, ಅದು ಎಲ್ಲಿ ವಾಲಿತು ಎಂದು ನೋಡುವುದು, ಬಿಚ್ಚಿ ತಿದ್ದುವುದು, ಮತ್ತೆ ಹಾರಿಸುವುದು. ಸೆಟ್ಟಿಯವರು ಊರಿಗೆ ಮರಳಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದರು. 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡರು. ಅವರ ಹೆಸರು ಗೊತ್ತಿರುವ ವಿದ್ಯಾರ್ಥಿಗಳು ನನಗೆ ಹೆಚ್ಚು ಸಿಕ್ಕಿಲ್ಲ.

ಇನ್ನು ನಮ್ಮ ಎಂಜಿನ್ನಿನ ಕಥೆ. ಒಂದು ವರ್ಷ ಮಳೆಗಾಲ ಕಳೆದ ಮೇಲೆ ಎರಡು ಸಿಲಿಂಡರುಗಳ ಹೊಗೆಯ ಉಷ್ಣತೆಯಲ್ಲಿ ಅಂತರ ಕಾಣಿಸಿಕೊಂಡಿತು. ಮುಂದಿನದು 570 ಡಿಗ್ರಿ ತೋರಿಸಿದರೆ ಹಿಂದಿನದು 620. ಮಿತಿ ಇರುವುದು 650ಕ್ಕೆ. ಒಬ್ಬರು ಮೀಟರಿನ ದೋಷ ಅಂದರು, ಒಬ್ಬರು ವೈರಿಂಗ್ ಅಂದರು. ಎಂಜಿನಿಯರರು ಕಾರಣ ಸಿಗುವವರೆಗೆ ಹಾರಾಟ ಬಂದ್ ಎಂದು ಪುಸ್ತಕದಲ್ಲಿ ಬರೆದರು. ಅದೇ ಸರಿ. ಜಕ್ಕೂರಿನಲ್ಲಿ ಮೇಲೆದ್ದ ಕೂಡಲೇ ಎಂಜಿನ್ ಕೈಕೊಟ್ಟರೆ ಕೆಳಗೆ ಹಿಂದಿನ ಕಾಲದ ಹೊಲಗಳಿಲ್ಲ. ಮನೆಗಳಿವೆ, ವಿಮಾನ ನಿಲ್ದಾಣಕ್ಕೆ ಹೋಗುವ ಮೇಲ್ಸೇತುವೆ ಇದೆ.

ಆ ವಾರ ಯಾರದೋ ಲಗ್ನಕ್ಕೆಂದು ಕಾಕಾ ಬೆಂಗಳೂರಿಗೆ ಬಂದಿದ್ದ. ಲಗ್ನದ ಊಟ ಮುಗಿಸಿ, ಅದೇ ಜರಿ ಅಂಚಿನ ಧೋತರದಲ್ಲಿ ಹ್ಯಾಂಗರಿಗೆ ಬಂದು ನಿಂತ. ವಿಮಾನವನ್ನು ಹಗ್ಗ ಹಾಕಿ ಕಟ್ಟಿ ಎಂಜಿನ್ ಚಾಲೂ ಮಾಡಿದೆವು. ಕಾಕಾ ದೂರ ನಿಂತು, ರೆಕ್ಕೆಯ ಕಡೆ ನೋಡದೆ, ನೆಲ ನೋಡುತ್ತ ಕೇಳಿದ. ಬಂದ್ ಮಾಡಿದ ಮೇಲೆ ಅಂದ:

"ಒಂದು ಎತ್ತು ಎಳ್ಯಾಕತ್ತೇತಿ, ಇನ್ನೊಂದು ಉಸಿರು ಹಿಡ್ಯಾಕತ್ತೇತಿ. ಮೀಟರಿನ್ಯಾಕ ಬೈತೀರಿ, ಪ್ಲಗ್ ಬಿಚ್ಚಿ ಕೇಳ್ರಿ."

ಬಿಚ್ಚಿದೆವು. ಮುಂದಿನದು ಚಹಾದ ಬಣ್ಣ. ಹಿಂದಿನದು ಸುಣ್ಣದ ಹಾಗೆ ಬೆಳ್ಳಗೆ. ಹಾಗಾದರೆ ಹಿಂದಿನ ಸಿಲಿಂಡರಿಗೆ ಲೆಕ್ಕದಲ್ಲಿಲ್ಲದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರಿನ ಕತ್ತು ಇರುತ್ತದೆ. ಅದನ್ನು ತೆಗೆದು ಕೊಡಲು ಹೇಳಿದ. ಹೊರಗಿನಿಂದ ಏನೂ ಇಲ್ಲ. ಕಾಕಾ ಅದನ್ನು ಎರಡೂ ಹೆಬ್ಬೆರಳುಗಳಿಂದ ಬಗ್ಗಿಸಿದ. ಲೋಹದ ಪಟ್ಟಿಗೆ ರಬ್ಬರ್ ಅಂಟಿದ್ದಲ್ಲಿ ಕೂದಲಿನಂಥ ಸೀಳೊಂದು ಬಾಯಿ ತೆರೆಯಿತು. ಬಿಟ್ಟ ಕೂಡಲೇ ಮುಚ್ಚಿಕೊಂಡಿತು. ಎಂಜಿನಿಯರರು ಅದನ್ನು ಇಸಿದುಕೊಂಡು ತಾವೂ ಬಗ್ಗಿಸಿ ನೋಡಿದರು, ಎರಡು ಸಲ. ಆಮೇಲೆ ಕಾಕಾನಿಗೆ ಕುರ್ಚಿ ತರಿಸಿದರು.

ಈ ವಿದ್ಯೆಗೆ ಹುಬ್ಬಳ್ಳಿಯಲ್ಲಿ ಗಿರಾಕಿ ಇಲ್ಲವಾಗಿ ವರ್ಷಗಳೇ ಆಗಿದ್ದವು. ಹೊಗೆಯ ಕಾಯಿದೆ ಬಿಗಿಯಾದ ಹಾಗೆ ರಸ್ತೆಯ ಮೇಲಿನ ಟೂ-ಸ್ಟ್ರೋಕ್ ಬೈಕುಗಳು ಮಾಯವಾದವು. ಈಗಿನವು ಬಂದರೆ ಅವಕ್ಕೆ ಕಂಪ್ಯೂಟರ್ ಹಚ್ಚಬೇಕು. ಗ್ಯಾರೇಜು ಮುಚ್ಚಿ ಜಾಗ ಬಾಡಿಗೆಗೆ ಕೊಡು ಎಂದು ಮಗ ಗಂಟುಬಿದ್ದಿದ್ದ. ಇಡೀ ಆಯುಷ್ಯ ಕೇಳಿ ಕೇಳಿ ಹದಗೊಂಡ ಕಿವಿ ಅದು. ಕೇಳಿಸಿಕೊಳ್ಳಲು ಏನೂ ಉಳಿಯದೆ ಅಂಗಡಿಯ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದ ಮನುಷ್ಯನನ್ನು ಆ ದಿನ ನೋಡಬೇಕಿತ್ತು. ಹೊಸ ರಬ್ಬರ್ ಬರುವವರೆಗೆ ಊರಿಗೆ ಹೋಗಲು ಒಪ್ಪಲೇ ಇಲ್ಲ. ಒಂದು ವಾರ ನನ್ನ ಕೋಣೆಯಲ್ಲೇ ಠಿಕಾಣಿ, ಬೆಳಗಾದರೆ ಕಾರ್ಬುರೇಟರಿನ ಮಾತು.

ರಬ್ಬರ್ ಬಂತು, ಅಂತರ ಹತ್ತು ಡಿಗ್ರಿಗೆ ಇಳಿಯಿತು, ಪುಸ್ತಕದಲ್ಲಿ ಸಹಿ ಬಿತ್ತು. ಎರಡು ಸಲ ಪೈಲಟ್ ಒಬ್ಬರೇ ಹಾರಿ ಬಂದ ಮೇಲೆ ಕಾಕಾನ ಸರದಿ. ಖಾಲಿ ವಿಮಾನ 252 ಕಿಲೋ, ಪೈಲಟ್ 68, ಕಾಕಾ 84, ಮೂವತ್ತು ಲೀಟರ್ ಪೆಟ್ರೋಲು 22: ಒಟ್ಟು 426. ಕಾಕಾ ಚೀಟಿಯನ್ನು ಇಸಿದುಕೊಂಡು ತಾನೇ ಕೂಡಿಸಿ ನೋಡಿ, ಹತ್ತಿ ಕೂತ. ಇಪ್ಪತ್ತು ನಿಮಿಷ ಸುತ್ತಿ ಇಳಿದರು. ಜಕ್ಕೂರು ಕೆರೆ ಹೇಗೆ ಕಂಡಿತು ಅಂತ ಕೇಳಿದೆ.

"ಕೆರಿ ಎಲ್ಲೆ ನೋಡ್ಲೋ ತಮ್ಮಾ. ಐದು ಸಾವಿರದ ಇನ್ನೂರಕ್ಕ ಬಂದ್ರ ಕಾಲಾಗ ಝುಂ ಅಂತೈತಿ. ಅದರ ಮ್ಯಾಲ ಹೋದ್ರ ಇಲ್ಲ. ಆ ಪಂಖಾದ ಒಂದು ಎಲಿ ಭಾರ ಐತಿ, ತೂಗ್ರಿ."

ತೂಗಿದೆವು. ಒಂದು ಅಲಗು ಉಳಿದೆರಡಕ್ಕಿಂತ ಮೂರು ಗ್ರಾಂ ಹೆಚ್ಚಿತ್ತು.

ಹುಬ್ಬಳ್ಳಿಗೆ ಮರಳುವ ರೈಲಿನಲ್ಲಿ ಕೂತು ಫೋನ್ ಮಾಡಿದ. ಇದನ್ನ ನಮ್ಮೂರಾಗ ಕಟ್ಟಾಕ ಬರೂದಿಲ್ಲೇನು? ಕೈಗಳಿಗೇನೂ ಬರವಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ರೈಲ್ವೆ ವರ್ಕ್‌ಶಾಪ್ ಇರುವ ಊರು, ತಾರಿಹಾಳದಲ್ಲಿ ಲೇತುಗಳ ಸಾಲೇ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ಎಂಬತ್ತರ ದಶಕದಲ್ಲಿ, ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟಿಕೊಳ್ಳುವವರಿಗಾಗಿ ಬರೆದ ಲಾಂಗ್-ಈಝೀ ನಕ್ಷೆಯ ವಿಮಾನವನ್ನು ಕಟ್ಟಿತ್ತು. ಮುಂದೆ ಅದೇ ಸಂಸ್ಥೆಯ ಹಂಸ ಎಂಬ ತರಬೇತಿ ವಿಮಾನಕ್ಕೆ 2000ದಲ್ಲಿ ಪ್ರಮಾಣಪತ್ರ ಸಿಕ್ಕಿತು. ಹಾರಿಸಲು ಜಾಗ? ಸಿದ್ಧಾರೂಢರ ಹೆಸರಿನ ನಮ್ಮ ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್, ಜಗತ್ತಿನಲ್ಲೇ ಉದ್ದ. ಎಕ್ಸ್-ಏರ್ ಮೇಲೇಳಲು ಅದರ ಹತ್ತರಲ್ಲೊಂದು ಪಾಲು ಸಾಕು ಎಂದು ನಗೆಯಾಡಿದೆ. ಕಾಕಾ ನಗಲಿಲ್ಲ.

ತೊಡಕಿರುವುದು ಕಾಗದದಲ್ಲಿ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಕಟ್ಟಡದ ಮಾಳಿಗೆಯ ಮೇಲೆ ವಿಮಾನ ಕಟ್ಟಿದರು. ಅದಕ್ಕೆ ನೋಂದಣಿ ಸಿಗಲು ವರ್ಷಗಟ್ಟಲೆ ಅಲೆದಾಟ, ಸಿಕ್ಕಿದ್ದು 2017ರಲ್ಲಿ. ಸುರಕ್ಷತೆಗೆ ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಬೆಳ್ಳನೆಯ ಪ್ಲಗ್ಗನ್ನು ಕೈಯಲ್ಲಿ ಹಿಡಿದವರು ಯಾರೂ ಬೇಡ ಅನ್ನಲಾರರು. ಆದರೆ ಕಟ್ಟುವವನ ಪಕ್ಕದಲ್ಲಿ ನಿಂತು ಹಂತಹಂತಕ್ಕೆ ನೋಡುತ್ತ, ಇದು ಸರಿ ಇದು ತಪ್ಪು ಎನ್ನುವ ತಪಾಸಣೆಗಾರರು ಇಂಗ್ಲೆಂಡಿನ ಹವ್ಯಾಸಿಗಳಿಗಿದ್ದಾರೆ. ನಮ್ಮಲ್ಲಿ ಊರೂರಿಗೆ ಅಂಥವರು ಬರುವವರೆಗೆ, ಬೆಂಗಳೂರಿನ ಪೆಟ್ಟಿಗೆಗಳನ್ನು ಅಲ್ಲಿನವರು ಬಿಚ್ಚಿ ಕಟ್ಟುತ್ತಾರೆ, ನಾವು ಇಲ್ಲಿ ಪೇಪರ್ ಓದುತ್ತೇವೆ.

ನಮ್ಮ ಎಕ್ಸ್-ಏರ್ ಮಾರಿದೆವು. ಅದರ ಬಟ್ಟೆ ಬದಲಿಸುವ ವೇಳೆ ಬಂದಿತ್ತು, ಪಾಲುದಾರರು ಚದುರಿದ್ದರು. ರೋಟ್ಯಾಕ್ಸ್ ಕೂಡ 582 ತಯಾರಿಸುವುದನ್ನು ನಿಲ್ಲಿಸಿದೆ. ನಾನೀಗ ಹುಬ್ಬಳ್ಳಿಯಲ್ಲಿದ್ದೇನೆ. ಕಾಕಾ ಗ್ಯಾರೇಜನ್ನು ಬಾಡಿಗೆಗೆ ಕೊಟ್ಟಿಲ್ಲ. ಹೋದ ತಿಂಗಳು ಹಿಂದಿನ ಅರ್ಧ ಖಾಲಿ ಮಾಡಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಸಿದ್ದ. ಒಂದೊಂದು ರೆಕ್ಕೆ ಹತ್ತಿರ ಹತ್ತಿರ ಐದು ಮೀಟರ್.

"ಪಕ್ಕ ಎರಡೂ ಬಿಚ್ಚಿ ಇಟ್ರ ಹಿಡಿತಾವು," ಅಂದ. "ಬಾಗಲದ ಚೌಕಟ್ಟ ಅಷ್ಟ ಕೀಳಬೇಕಾಕ್ಕೇತಿ."